ಮಿಕ್ಸರ್ ದುಡ್ಡಿನ ದುರ್ಬೀನು

ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ತರನಾಗಿ ನಿವೃತ್ತನಾದ ನನಗೆ, ಗ್ರಹ ನಕ್ಷತ್ರಗಳನ್ನು ಸಾಲಾಗಿ ನಿಲ್ಲಿಸಿ ಹಾಜರಿ ತೆಗೆದುಕೊಳ್ಳುವುದು ದೊಡ್ಡ ಕೆಲಸವೇನಲ್ಲ ಎಂಬ ದೃಢ ನಂಬಿಕೆಯಿತ್ತು. ಬೇಕಾಗಿದ್ದದ್ದು ಒಂದು ದುರ್ಬೀನು. ಅಡ್ಡ ಬಂದದ್ದು ಪಿಂಚಣಿ. ಅಷ್ಟರಲ್ಲಿ ಮನೆಯ ಮಿಕ್ಸರ್ ಸುಟ್ಟುಹೋಗಿ, ಹೊಸದಕ್ಕೆಂದು ನನ್ನ ಹೆಂಡತಿ ನಾಗಮ್ಮ ಒಂದಿಷ್ಟು ದುಡ್ಡು ಕೂಡಿಸಿಟ್ಟಿದ್ದಳು. ನನ್ನ ಮೊದಲ ದೃಷ್ಟಿ ಬಿದ್ದದ್ದು ಆಕಾಶದ ಮೇಲಲ್ಲ, ಅದರ ಮೇಲೆ.

"ಲೇ, ಶನಿವಾರ ಬಂದ್ರ ಶನಿದೇವರಿಗೆ ಎಳ್ಳೆಣ್ಣಿ ಹಾಕ್ತೀ. ಒಮ್ಮೆನಾದ್ರೂ ಅವನ ಮಾರಿ ನೋಡೀಯೇನು? ಆ ಮಿಕ್ಸರ್ ದುಡ್ಡು ಕೊಡು, ದುರ್ಬೀನು ತಂದು ನಾ ತೋರಸ್ತೀನಿ."

"ಖರೇನ ಕಾಣ್ತಾನೇನ್ರಿ?"

"ಸುತ್ತ ತೊಟ್ಟ ಬಳಿ ಸಮೇತ!"

"ಆತು. ಕಾಣಲಿಲ್ಲಂದ್ರ ಹೊಸ ಮಿಕ್ಸರ್ ಬರೋತನ ಚಟ್ನಿ ನೀವ ರುಬ್ಬಬೇಕು. ಒಳಕಲ್ಲಿನ್ಯಾಗ."

ಒಪ್ಪಿದೆ. ಗೆದ್ದವನಂತೆ ಒಪ್ಪಿದೆ!

ಸಿರುಗುಪ್ಪದಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಗೆಳೆಯ ಖಾದರ್ ಸಾಬರಿಗೂ ದುರ್ಬೀನಿನ ಹುಚ್ಚಿತ್ತು. ಇಬ್ಬರೂ ನಮ್ಮೂರು ಬಳ್ಳಾರಿಯ ಅಂಗಡಿಯೊಂದಕ್ಕೆ ಹೋದೆವು. ನಮ್ಮ ಜೇಬಿಗೆ ಹೊಂದುವಂಥವು ಎರಡೇ ಇದ್ದವು. ಒಂದು ಸಣ್ಣ ಕೊಳವೆ, ಮುಂದೆ ಗಾಜು, ಗಟ್ಟಿ ಕಾಲು. ಇನ್ನೊಂದು ದಪ್ಪ ಕೊಳವೆ, ಒಳಗೆ ಕನ್ನಡಿ. ಡಬ್ಬಿಯ ಮೇಲೆ ಊಟದ ತಟ್ಟೆಯಷ್ಟು ದೊಡ್ಡ ಶನಿಯ ಚಿತ್ರ.

ಸಾಬರು ದಪ್ಪದರ ಕಾಲು ಹಿಡಿದು ಅಲ್ಲಾಡಿಸಿದರು. "ಮಾಸ್ತರ, ಇದು ನಡಗತೈತ್ರಿ. ನನಗ ಸಣ್ಣದ ಸಾಕು."

"ಸಾಬರೆ, ಅದು ಆಟಿಗಿ ಸಾಮಾನು!" ಎಂದು ಕನಿಕರದಿಂದ ನುಡಿದು ದಪ್ಪದನ್ನೇ ಹೊತ್ತು ತಂದೆ.

ತಂದ ದಿನದಿಂದ ಮೋಡ. ಆದರೆ ಮೋಡ ಇದೆಯೆಂದು ದಿನಚರಿ ಬಿಡುವವನು ನಾನಲ್ಲ. ಬಳ್ಳಾರಿಯ ಕೆಂಪು ಧೂಳು ದೇವರ ಫೋಟೋವನ್ನೂ ಬಿಡುವುದಿಲ್ಲ, ನನ್ನ ಕನ್ನಡಿಯನ್ನು ಬಿಟ್ಟೀತೆ? ಬೆಳಿಗ್ಗೆ ಕಸರತ್ತು ಮುಗಿಸಿ, ಬೂಟು, ಬೆಲ್ಟಿನ ಬಕಲ್ ತಿಕ್ಕಿದ ಮೇಲೆ, ಕೊಳವೆಯ ಹಿಂದಿನ ತಿರುಪು ಬಿಚ್ಚಿ, ಕನ್ನಡಿಗೆ ವಿಭೂತಿ ಹಚ್ಚಿ, ಬಟ್ಟೆಯಿಂದ ಗಸಗಸ ತಿಕ್ಕುತ್ತಿದ್ದೆ. "ಒಳಗಿನ ಕನ್ನಡಿ ಮುಟ್ಟಬ್ಯಾಡ್ರಿ" ಎಂದು ಅಂಗಡಿಯವನು ಹೇಳಿದ್ದ. ಅದು ಶಿಸ್ತಿಲ್ಲದವರಿಗೆ ಹೇಳಿದ ಮಾತೆಂದು ತಿಳಿದಿದ್ದೆ!

ಕಡೆಗೊಂದು ಶನಿವಾರ ಆಕಾಶ ತಿಳಿಯಾಯಿತು. ಊರ ದೀಪಗಳ ಕಾಟ ಬೇಡವೆಂದು ನಾಗಮ್ಮನ ತವರು ಕುರುಗೋಡಿಗೆ ಹೋದೆವು. ಸಾಬರೂ ತಮ್ಮ ಸಣ್ಣ ಕೊಳವೆಯನ್ನು ಸೀರೆಯ ಚೀಲದಲ್ಲಿ ಹಾಕಿಕೊಂಡು ಬಂದರು. ಕತ್ತಲಾಗುತ್ತಲೇ ತವರಿನ ಮಂದಿಯೆಲ್ಲ ಮಾಳಿಗೆ ಏರಿದರು. ನಾನು ಸೀಟಿ ಊದಿದೆ.

"ಸಾಲಾಗಿ ನಿಲ್ರಿ! ತಳ್ಳಬ್ಯಾಡ್ರಿ!"

ಮೊದಲು ನಾನೇ ಇಣುಕಿದೆ. ಮಂಜು. ತಿರುಗಿಸುವುದನ್ನೆಲ್ಲ ತಿರುಗಿಸಿದೆ. ಇನ್ನೂ ಮಂಜು. ನಾಗಮ್ಮ ಬಗ್ಗಿ ನೋಡಿದಳು.

"ಗಂಜಿ ಕಂಡಂಗ ಕಾಣ್ತೈತ್ರಿ."

ಸಾಬರು ಕೊಳವೆಯ ಬಾಯಿಗೆ ಟಾರ್ಚ್ ಹಿಡಿದರು. "ಅಲ್ರಿ ಮಾಸ್ತರ, ಕನ್ನಡಿ ಮ್ಯಾಲ ಬಳಿದಿದ್ದ ಹೊಳಪೆಲ್ಲ ಎಲ್ಲಿ ಹೋತು? ಬರೇ ಗೀರು ಅದಾವಲ್ರಿ!"

"ಎಲ್ಲಿ ಹೋಗ್ತೈತಿ? ಬಟ್ಟಿಗೆ ಹತ್ತೈತಿ!" ಎಂದಳು ನಾಗಮ್ಮ. "ನನ್ನ ಹಿತ್ತಾಳಿ ಚೊಂಬು ತಿಕ್ರಿ ಅಂದ್ರ ಕೈ ನೋವು ಅಂತಿದ್ರು. ಇದನ್ನ ದಿನಾ ತಿಕ್ಕಿದ್ರು!"

ನಾನು ನಿಲ್ಲಿಸಿದ್ದ ಸಾಲು ಸಾಬರ ದುರ್ಬೀನಿನ ಹಿಂದೆ ಹೋಗಿ ನಿಂತಿತು. ಶಿಸ್ತಿನಿಂದ. ಸೀಟಿಯೇ ಇಲ್ಲದೆ!

ನಾಗಮ್ಮ ಅದರಲ್ಲಿ ಕಣ್ಣಿಟ್ಟಳು. ಇಟ್ಟವಳೇ ಕೆನ್ನೆಗೆ ಕೈ ಹಚ್ಚಿಕೊಂಡಳು. "ಅಯ್ಯ ನಮ್ಮವ್ವ! ಎಳ್ಳುಕಾಳಿನಷ್ಟ ಅದಾನ! ಬಳಿನೂ ಐತಿ! ಪಾಪ, ಅಷ್ಟು ದೂರ ಕುಂತಾಂವ ನನಗೇನು ಕಾಟ ಕೊಟ್ಟಾನು?"

ಹೀಗೆಂದು ನಿಧಾನವಾಗಿ ನನ್ನ ಕಡೆ ತಿರುಗಿದಳು.

"ಕಂಡ್ನಲ್ಲ! ನನ್ನ ಮಾತು ಉಳೀತು" ಎಂದೆ ಗಡಿಬಿಡಿಯಿಂದ.

"ಕಂಡದ್ದು ಸಾಬರ ದುರ್ಬೀನಿನ್ಯಾಗ. ಚಟ್ನಿ ನಿಮ್ದ!"

ಈಗ ಬೆಳಿಗ್ಗೆ ಕಸರತ್ತಾದ ಕೂಡಲೇ ಒಳಕಲ್ಲು. ‘ಬಲಕ್ಕೆ ತಿರುಗು’ ಎಂದು ಶಾಲೆಯನ್ನೇ ತಿರುಗಿಸಿದವನು ನಾನು. ಈ ಗುಂಡು ಮಾತ್ರ ಆಜ್ಞೆಗೆ ಬಗ್ಗುವುದಿಲ್ಲ. ಭುಜ ಹಿಡಿದುಕೊಂಡಿದೆ. ಶನಿದೇವರಿಗೆ ಹೋಗುತ್ತಿದ್ದ ಎಳ್ಳೆಣ್ಣೆಯನ್ನು ನಾಗಮ್ಮ ಈಗ ಶನಿವಾರಕ್ಕೊಮ್ಮೆ ನನ್ನ ಭುಜಕ್ಕೇ ತಿಕ್ಕುತ್ತಾಳೆ.

ತಿಕ್ಕುವ ಮೊದಲು ಗುಡಿಯಲ್ಲಿನಂತೆ ಕಣ್ಣು ಮುಚ್ಚಿ ಕೈ ಮುಗಿಯುವುದನ್ನು ಮಾತ್ರ ಇನ್ನೂ ಬಿಟ್ಟಿಲ್ಲ!