ತಂಟೆ ಬೇಕಾಗಿದ್ದ ಪ್ರಾಧ್ಯಾಪಕರು

ಊರಿನ ಜಗಳ ಮುಗಿಯಿತೆಂದು ಕೇಳಿ ಮುಖ ಸಣ್ಣದು ಮಾಡಿಕೊಂಡ ಮನುಷ್ಯ ಹುನಗುಂದ ತಾಲೂಕಿನಲ್ಲಿ ಶಿವಪ್ರಕಾಶ ಸರ್ ಒಬ್ಬರೇ ಇರಬೇಕು. ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಅವರು ಇಪ್ಪತ್ತೆರಡು ವರ್ಷ ಅಭ್ಯಾಸ ಮಾಡಿದ್ದು ಒಂದೇ ವಿಷಯ: ಅಸ್ಮಿತೆ ಮತ್ತು ಸಂಘರ್ಷ. ಸೋಮವಾರ ಬಡ್ತಿಯ ಸಂದರ್ಶನ. ಅದಕ್ಕೆ ತಾವೇ ಕಣ್ಣಾರೆ ಕಂಡ ಒಂದು ಸಂಘರ್ಷದ ಮೇಲೆ ಪ್ರಬಂಧ ಬೇಕು. ಇಲ್ಲದಿದ್ದರೆ ಇನ್ನೈದು ವರ್ಷ ಅದೇ ಕುರ್ಚಿ.

ಮರೋಳದಾಚೆಯ ಸಣ್ಣ ಊರೊಂದರಲ್ಲಿ ಬಸ್ ನಿಲ್ದಾಣಕ್ಕೆ ಯಾರ ಹಿರಿಯರ ಹೆಸರು ಬರೆಸಬೇಕೆಂದು ಮೇಲಿನ ಓಣಿಗೂ ಕೆಳಗಿನ ಓಣಿಗೂ ಜಗಳ ಹತ್ತಿಕೊಂಡಿದೆ ಎಂದು ಕೇಳಿ, ನಲವತ್ತು ಪ್ರಶ್ನೆಗಳ ಹಾಳೆ ಹಿಡಿದು ಶನಿವಾರ ಹೊರಟರು. ತಮಗೆ ಅಡಿಗೆ ಬೇಡವೆಂದು ಮನೆಯಲ್ಲಿ ಅವ್ವನಿಗೂ ಹೆಂಡತಿ ನಾಗರತ್ನಾಗೂ ಹೇಳಿದ್ದರು.

ಇಳಿದು ನೋಡಿದರೆ ನಿಲ್ದಾಣದ ಗೋಡೆಗೆ ಬರೀ ಸುಣ್ಣ. ಕಟ್ಟೆಯ ಮೇಲಿದ್ದ ಮೇಲಿನ ಓಣಿಯ ರಾಚಯ್ಯ, ಜಗಳ ಮುಗಿದು ಎಂಟು ದಿನವಾಯಿತೆಂದ. ಹೆಸರಿಲ್ಲದಿದ್ದರೂ ಬಸ್ ನಿಲ್ಲುತ್ತದೆಂದು ಎರಡೂ ಓಣಿಯವರಿಗೆ ಹೊಳೆಯಿತಂತೆ.

ಒಳಗೊಳಗೇ ಏನಾದರೂ ಹೊಗೆಯಾಡುತ್ತಿರಲೇಬೇಕು ಎಂದುಕೊಂಡ ಸರ್ ಮೊದಲ ಪ್ರಶ್ನೆ ಓದಿದರು: “ನೀವು ನಿಮ್ಮನ್ನು ಯಾರೆಂದು ಗುರುತಿಸಿಕೊಳ್ಳುತ್ತೀರಿ?”

“ನಾ ರಾಚಯ್ಯರಿ. ಅದಿರ್ಲಿ, ನೀವು ಯಾರ ಪೈಕಿ?”

ಅಲ್ಲಿಗೆ ಸರ್ ಕೇಳುವುದು ನಿಂತು ಹೇಳುವುದು ಶುರುವಾಯಿತು. ಸುತ್ತ ಮಂದಿ ಕೂಡಿತು. ತಾಯಿಯ ತವರು ಶಿರೂರು ಎನ್ನುತ್ತಲೇ ರಾಚಯ್ಯ ಅವರ ಬಲಗೈ ಹಿಡಿದ. ಆಕೆ ಅವನ ಅತ್ತಿಗೆಯ ದೊಡ್ಡಪ್ಪನ ಮಗಳಂತೆ! ಅಂದಮೇಲೆ ಇವರು ಮನೆಯ ಮಗ, ಎಣ್ಣೆಗಾಯಿ ರೊಟ್ಟಿ ಉಣ್ಣದೆ ಹೋಗುವಂತಿಲ್ಲ. ಹೆಂಡತಿ ಕಲಾದಗಿಯವಳು ಎಂದದ್ದೇ ತಡ, ಕೆಳಗಿನ ಓಣಿಯ ಮಾದೇವಿ ಎಡಗೈ ಹಿಡಿದಳು. ನಾಗರತ್ನಾ ಅವಳ ಚಿಕ್ಕಪ್ಪನ ಮೊಮ್ಮಗಳು.

“ಇವರು ನಮ್ಮ ಅಳಿಯಾರು. ನಮ್ಮಲ್ಲಿ ಶೇಂಗಾ ಹೋಳಿಗಿ ಮಾಡೇವಿ. ಅಳಿಯನ್ನ ಮಂದಿ ಮನ್ಯಾಗ ಉಣ್ಣಾಕ ಬಿಟ್ರ ಕಲಾದಗಿಗೆ ನಾ ಏನ್ ಮುಖ ತೋರಿಸ್ಲಿ?”

ಮಾತಿಗೆ ಮಾತು ಬೆಳೆಯಿತು. ಮಗ ದೊಡ್ಡವನೋ ಅಳಿಯ ದೊಡ್ಡವನೋ ಎಂದು ಓಣಿಗೆ ಓಣಿಯೇ ಎದ್ದು ನಿಂತಿತು. ಸುಣ್ಣದಡಿ ಮುಚ್ಚಿಹೋಗಿದ್ದ ಹಿರಿಯರ ಹೆಸರುಗಳೂ ಹೊರಬಂದವು. ಎರಡೂ ಕಡೆ ಒಂದೊಂದು ರೊಟ್ಟಿ ಉಣ್ಣುತ್ತೇನೆ ಎಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಸರ್‌ಗೆ ಸೋಮವಾರ ನೆನಪಾಯಿತು. ಅಸ್ಮಿತೆಯೂ ತಮ್ಮದೇ, ಸಂಘರ್ಷವೂ ಕಣ್ಣೆದುರೇ! ತೆಪ್ಪಗೆ ಬಲಗೈ ಬಿಡಿಸಿಕೊಂಡು ಬರೆದುಕೊಳ್ಳತೊಡಗಿದರು.

ಗದ್ದಲ ಕೇಳಿ ಊರಿಗೇ ಹಿರಿಯಳಾದ ಗುರುಲಿಂಗವ್ವ ಕೋಲೂರಿಕೊಂಡು ಬಂದಳು. ಅವಳ ಮಾತನ್ನು ಎರಡೂ ಓಣಿಯವರು ಮೀರುತ್ತಿರಲಿಲ್ಲ. ಅವಳು ಕೂಗಾಡುವವರನ್ನು ಬಿಟ್ಟು ಬರೆಯುವವರನ್ನೇ ನೋಡಿದಳು.

“ಮಂದಿ ಜಗಳ ಆಡಾಕ ಹತ್ಯಾರ. ನೀ ಯಾಕ ಖುಷಿಯಾಗಿ ಬರಕೊಳ್ಳಾಕ ಹತ್ತೀ ತಮ್ಮಾ?”

ಸರ್ ಪೆನ್ನು ಮುಚ್ಚಿದರು. ಅವಳು ತೀರ್ಪು ಕೊಟ್ಟಳು: ಇವನು ಯಾರ ಮನೆಯಲ್ಲಿ ಉಂಡರೂ ಇನ್ನೊಂದು ಓಣಿ ಮುನಿಯುತ್ತದೆ, ಆದ್ದರಿಂದ ಉಣ್ಣದೆ ಹೋಗಲಿ. ಇನ್ನು ಮುಂದೆ ಯಾರೂ ಹೀಗೆ ತಂಟೆ ಹುಡುಕಿಕೊಂಡು ಬರಬಾರದೆಂದು ಒಂದು ಕಾಗದವೂ ಆಗಲಿ. ಓದಿದವನು ಇವನೇ ಇದ್ದಾನಲ್ಲ, ಬರೆಯಲಿ. ಪ್ರಶ್ನೆಹಾಳೆಯ ಹಿಂಬದಿಗೆ ಸರ್ ತಮ್ಮ ಮುದ್ದಾದ ಅಕ್ಷರದಲ್ಲೇ ಬರೆದರು: “ಈ ಊರಿನಲ್ಲಿ ಯಾವ ಸಂಘರ್ಷವೂ ಇಲ್ಲ.” ಕೆಳಗೆ ಸಾಕ್ಷಿಯೆಂದು ಹುದ್ದೆಸಮೇತ ತಮ್ಮದೇ ಸಹಿ. ಯಾರೋ ಫೋಟೊ ಹೊಡೆದು ಮೊಬೈಲಿನಲ್ಲಿ ಹರಿಬಿಟ್ಟರು. ಎರಡೂ ಓಣಿಯವರು ಕೂಡಿಯೇ ಅವರನ್ನು ಬಸ್ ಹತ್ತಿಸಿ, ಎಣ್ಣೆಗಾಯಿ ಹೋಳಿಗೆ ಒಂದೇ ಪಂಕ್ತಿಯಲ್ಲಿ ಉಣ್ಣಲು ಹೋದರು.

ಬಸ್ಸಿನಲ್ಲೇ ಪ್ರಿನ್ಸಿಪಾಲರ ಫೋನು ಬಂತು. ಫೋಟೊ ನೋಡಿ ಭಾಳ ಖುಷಿಯಾಗಿದೆ, ಸೋಮವಾರದ ಸಂದರ್ಶನದವರಿಗೂ ಕಳಿಸಿದ್ದೇನೆ ಎಂದರು.

ಹಸಿದ ಹೊಟ್ಟೆಯಲ್ಲಿ ಸರ್ ಮನೆ ಮುಟ್ಟಿದರು. ಅಷ್ಟರಲ್ಲಿ ಮಾದೇವಿ ನಾಗರತ್ನಾಗೆ, ರಾಚಯ್ಯ ಅವ್ವನಿಗೆ ಫೋನು ಮಾಡಿ ಆಗಿತ್ತು. ಅವ್ವ ಪಡಸಾಲೆಯಲ್ಲಿ, ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ; ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಒಲೆ ಹಚ್ಚಿರಲಿಲ್ಲ.

“ಊಟ ಆಮ್ಯಾಲ,” ಎಂದಳು ನಾಗರತ್ನಾ. “ನೀವು ಯಾರ ಪೈಕಿ ಅನ್ನೂದು ಮೊದಲ ಹೇಳ್ರಿ.”