ಗಂಟೆಗೆ ಹದಿನಾಲ್ಕು ಕಿಲೋಮೀಟರ್

"ಇನ್ನೊಂದು ವಾರದಲ್ಲಿ ಈ ಬೀದಿಯ ಸೊಕ್ಕು ಮುರೀದೇ ಹೋದ್ರೆ ನನ್ನ ಡ್ರೈವಿಂಗ್ ಲೈಸೆನ್ಸನ್ನೇ ಹರಿದು ಬಿಸಾಡ್ತೀನಿ!" ಎಂದು ಮೇಷ್ಟ್ರು ಊಟದ ಮೇಜಿನ ಮೇಲೆ ಕೈ ಬಡಿದು ಘೋಷಿಸಿದರು. ನೀರಿನ ಲೋಟಗಳು ಸಭಾಸದರಂತೆ ಒಮ್ಮೆ ಎದ್ದು ಕೂತವು.

"ಅದು ಹರಿಯಲ್ಲ ರೀ, ಪ್ಲಾಸ್ಟಿಕ್‌ದು," ಎಂದರು ಹೆಂಡತಿ, ತಟ್ಟೆಯಿಂದ ತಲೆಯೆತ್ತದೆ. "ಕತ್ತರಿ ಬೇಕಾಗುತ್ತೆ. ಎರಡನೇ ಡ್ರಾಯರ್‌ನಲ್ಲಿದೆ."

ಮೇಷ್ಟ್ರೆಂದರೆ ಶಾಲೆಯ ಮೇಷ್ಟ್ರಲ್ಲ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಅವರ ಕಾರಿನಲ್ಲಿ ಬ್ರೇಕ್ ಎರಡು: ಒಂದು ಕಲಿಯುವವರ ಕಾಲಿಗೆ, ಇನ್ನೊಂದು ಮೇಷ್ಟ್ರ ಪ್ರಾಣಕ್ಕೆ. ಮನೆಗಳಿರುವ ಬೀದಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅವರು ಗಂಟೆಗೆ ಹದಿನಾಲ್ಕು ಕಿಲೋಮೀಟರ್ ಮೀರಿದವರಲ್ಲ. ಹಾರ್ನನ್ನಂತೂ ಮುಟ್ಟಿದವರೇ ಅಲ್ಲ. "ಹಾರ್ನ್ ಅನ್ನೋದು ತಾಳ್ಮೆ ಇಲ್ಲದೋರ ಮಾತೃಭಾಷೆ. ನಾವು ಆ ಭಾಷೆ ಕಲಿಸಲ್ಲ," ಎಂಬುದು ಪ್ರತಿ ಶಿಷ್ಯನಿಗೂ ಅವರ ಮೊದಲ ಪಾಠ.

ಇಂಥ ಮಹಾನುಭಾವರು ವಾಸವಾಗಿದ್ದ ಬೀದಿಯಲ್ಲೇ ವಾಹನಗಳು ಬಿಲ್ಲಿನಿಂದ ಬಿಟ್ಟ ಬಾಣಗಳಂತೆ ಹಾರುತ್ತಿದ್ದವೆಂಬುದು ವಿಧಿಯ ಕುಚೋದ್ಯ. ಮುಖ್ಯರಸ್ತೆಯ ಸಿಗ್ನಲ್ಲಿನಲ್ಲಿ ಎರಡು ನಿಮಿಷ ಕಾಯಲಾರದ ಊರಿನ ಸಮಸ್ತರೂ ಈ ಬೀದಿಯನ್ನು ಒಳದಾರಿ ಮಾಡಿಕೊಂಡಿದ್ದರು. ಮೂರು ವಾರಗಳ ಹಿಂದೆ ಒಂದು ಸ್ಕೂಟರು ಮೇಷ್ಟ್ರ ತಾಯಿಯ ಕೈಯಲ್ಲಿದ್ದ ಊರುಗೋಲನ್ನು ಕಿತ್ತುಕೊಂಡು ಹೋಗಿ ಬೀದಿಯ ಕೊನೆಯಲ್ಲಿ ಬಿಸುಟಿತ್ತು. ಅಮ್ಮನಿಗೆ ಗಾಯವಾಗಲಿಲ್ಲ. ಧೈರ್ಯ ಮಾತ್ರ ಕೋಲಿನ ಜೊತೆಯಲ್ಲೇ ಹೋಯಿತು. ಕೋಲು ಮರಳಿ ಸಿಕ್ಕಿತು, ಧೈರ್ಯ ಸಿಗಲಿಲ್ಲ.

ಎಪ್ಪತ್ತೆಂಟರ ಅಮ್ಮ ದಿನವೂ ಸಂಜೆ ನಾಲ್ಕೂವರೆಗೆ ರಸ್ತೆ ದಾಟಿ ಎದುರುಮನೆಗೆ ಚೆಸ್ ಆಡಲು ಹೋಗುತ್ತಿದ್ದರು. ಎದುರಾಳಿ ಆಸ್ಪತ್ರೆಯ ನಿವೃತ್ತ ಹೆಡ್ ನರ್ಸ್. ಬೀದಿಗೆಲ್ಲ ಆಕೆ 'ಮೇಟ್ರನ್'. ಆಕೆಗೋ ಮಂಡಿನೋವು, ಮೆಟ್ಟಿಲು ಇಳಿಯಲಾರರು. ಹೀಗಾಗಿ ಆಟವನ್ನು ಗೆಳತಿಯರಿಬ್ಬರೂ ತಂತಮ್ಮ ವರಾಂಡಗಳಿಂದಲೇ, ತಂತಮ್ಮ ಹಲಗೆಗಳ ಮೇಲೆ, ಕೂಗಾಡಿ ಮುಂದುವರಿಸಿದರು.

"ನನ್ನ ಕುದುರೆ ನಿನ್ನ ರಾಜನ ಪಕ್ಕಕ್ಕೆ ಬಂತು ಕಣೇ!"

"ಬರ್ಲಿ! ನಿನ್ನ ಆನೆ ಸತ್ತುಹೋಯ್ತು, ಅದಕ್ಕೇನು ಹೇಳ್ತೀಯಾ?"

ದಾರಿಹೋಕರು ಬೆಚ್ಚಿ ನಾಲ್ಕೂ ದಿಕ್ಕಿಗೆ ಆನೆಯನ್ನು ಹುಡುಕುತ್ತಿದ್ದರು. ನಡುವೆ ಲಾರಿಯೊಂದು ಗುಡುಗಿಕೊಂಡು ಹೋದರೆ ಒಂದು ನಡೆಯೇ ಲುಪ್ತ! ಅಮ್ಮನ ಹಲಗೆಯಲ್ಲಿ ಠೀವಿಯಿಂದ ನಿಂತಿದ್ದ ಮಂತ್ರಿ, ಮೇಟ್ರನ್ ಹಲಗೆಯಲ್ಲಿ ಎರಡು ದಿನದ ಹಿಂದೆಯೇ ಅಸುನೀಗಿತ್ತು. ಈ ಸಾವು ಬದುಕಿನ ವ್ಯಾಜ್ಯದಲ್ಲಿ ಗೆಳತಿಯರು ಮಾತು ಬಿಡುವ ಹಂತಕ್ಕೆ ಬಂದಾಗಲೇ ಮೇಷ್ಟ್ರು ಮೇಜು ಬಡಿದದ್ದು.

ಬಡಿದದ್ದಕ್ಕೆ ಆಧಾರವೂ ಇತ್ತು. ವಸತಿ ಬೀದಿಗಳಲ್ಲಿ ವೇಗ ತಗ್ಗಿಸಲು ನಗರಸಭೆ ಯೋಜನೆ ಹಾಕಿತ್ತು. ನಲವತ್ತು ಬೀದಿಗಳ ಅರ್ಜಿಗಳಲ್ಲಿ ಹತ್ತನ್ನು ಆರಿಸಿ ಹಂಪ್ ಹಾಕಿಸುವುದು. ಉಳಿದವರು ಮೂರು ವರ್ಷ ಕಾಯುವುದು. ಸಂಚಾರ ವಿಭಾಗದ ಎಂಜಿನಿಯರಮ್ಮ ಬಂದು ರಸ್ತೆಗೆ ಅಡ್ಡಲಾಗಿ ಎರಡು ಕಪ್ಪು ರಬ್ಬರ್ ಕೊಳವೆಗಳನ್ನು ಹಾಸಿ, ಅವುಗಳ ತುದಿಗೆ ಒಂದು ಪೆಟ್ಟಿಗೆ ಸಿಕ್ಕಿಸಿ, ಅದನ್ನು ದೀಪದ ಕಂಬಕ್ಕೆ ಬಿಗಿದರು. "ಏಳು ದಿನ ಇದು ಎಲ್ಲಾ ಗಾಡಿಗಳನ್ನೂ ಲೆಕ್ಕ ಹಾಕುತ್ತೆ ಸರ್. ಯಾರೂ ಮುಟ್ಟಬಾರದು," ಎಂದು ಹೇಳಿ ಹೋದರು.

"ಮುಟ್ಟಬಾರದು ಅಂದ್ರು. ಮೇಲೆ ಓಡಾಡಬಾರದು ಅಂದ್ರಾ?" ಮೇಷ್ಟ್ರ ಕಣ್ಣು ಮಿನುಗಿತು. "ಎಷ್ಟು ಗಾಡಿ ಜಾಸ್ತಿಯೋ ಅಷ್ಟು ಅಪಾಯ. ನಾನೇ ಹೋಗಿ ಬಂದು ಲೆಕ್ಕ ಏರಿಸ್ತೀನಿ!"

ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವರು. ವರದಿಗಳ ವಿಷಯದಲ್ಲಿ ಅವರಿಗೆ ಹುಟ್ಟು ಅನುಮಾನ. "ರೀ, ಆ ಪೆಟ್ಟಿಗೆ ಎಷ್ಟು ಗಾಡಿ ಅಂತ ಮಾತ್ರ ನೋಡುತ್ತೋ, ಎಷ್ಟು ಜೋರು ಅಂತಾನೂ ನೋಡುತ್ತೋ?"

"ವಿವರಗಳಲ್ಲಿ ಸಿಕ್ಕಿಹಾಕಿಕೊಂಡವರು ಕ್ರಾಂತಿ ಮಾಡಿದ್ದುಂಟೇನೇ?"

ಕ್ರಾಂತಿ ಮಾರನೆಯ ಸಂಜೆ ನಾಲ್ಕಕ್ಕೆ ಆರಂಭವಾಯಿತು. ಮೇಷ್ಟ್ರು ಸೀಟುಬೆಲ್ಟ್ ಬಿಗಿದು, ಕನ್ನಡಿ ಸರಿಪಡಿಸಿ, ಇಂಡಿಕೇಟರ್ ಹಾಕಿ ಹೊರಟರು. ಪಕ್ಕದಲ್ಲಿ ಎರಡನೇ ಬ್ರೇಕಿನ ಮೇಲೆ ಕಾಲಿಟ್ಟು ಹೆಂಡತಿ. ಅಂಕಿಅಂಶದಲ್ಲಿ ಕಳ್ಳತನ ಮಾಡಲು ಹೊರಟವರು ಒಂದಿಷ್ಟಾದರೂ ಜೋರಾಗಿ ಓಡಿಸಬೇಡವೇ? ಮೇಷ್ಟ್ರ ಬಲಗಾಲು ಒಪ್ಪಬೇಕಲ್ಲ! ಮುಳ್ಳು ಹದಿನಾಲ್ಕು ಮುಟ್ಟಿದರೆ ಕಾಲು ತಾನಾಗಿಯೇ ಮೇಲೇಳುತ್ತಿತ್ತು. ಬೀದಿಯ ಎರಡೂ ತುದಿಯಲ್ಲಿ ಅವರು ಕಾರು ತಿರುಗಿಸುತ್ತಿದ್ದ ಬಗೆಯಂತೂ ಪಠ್ಯಪುಸ್ತಕದ ಸಚಿತ್ರ ಅಧ್ಯಾಯ: ರಸ್ತೆಗೆ ಅಡ್ಡಲಾಗಿ ಮುಂದೆ, ಕನ್ನಡಿ, ಹಿಂದೆ, ಮತ್ತೆ ಕನ್ನಡಿ, ಪುನಃ ಮುಂದೆ. ಅಷ್ಟಕ್ಕೆ ನಾಲ್ಕು ನಿಮಿಷ. ಹಿಂದೆ ಸಾಲುಗಟ್ಟಿದ ವಾಹನಗಳ ಹಾರ್ನುಗಳು ಹುಯಿಲಿಡುತ್ತಿದ್ದರೆ ಮೇಷ್ಟ್ರು ಮುಗುಳ್ನಗುತ್ತಿದ್ದರು. "ಕೇಳಿದ್ಯಾ, ಮಾತೃಭಾಷೆ!"

ಮೂರನೆಯ ದಿನಕ್ಕೆ ಉತ್ಸಾಹ ಉಕ್ಕಿ, ಬೆಳಗಿನ ಎಂಟರಿಂದ ಹತ್ತರವರೆಗೆ ಶಿಷ್ಯರನ್ನೂ ಕಣಕ್ಕಿಳಿಸಿದರು. ಗುರುಗಳದು ಹದಿನಾಲ್ಕಾದರೆ ಶಿಷ್ಯರದು ಎಂಟು! ಬೇಕರಿಯವನೊಬ್ಬ ಸರಿಯಾಗಿ ಕೊಳವೆಯ ಮೇಲೆಯೇ ಐದು ಸಲ ಎಂಜಿನ್ ಆಫ್ ಮಾಡಿ, "ಸರ್, ಐದು ಸಲ ಎಣಿಸಿರುತ್ತಾ?" ಎಂದು ಆಸೆಯಿಂದ ಕೇಳಿದ.

ಈ ನಡುವೆ ಇನ್ನೊಂದು ವಿಚಿತ್ರ ಘಟಿಸಿತು. ಸಂಜೆಯ ಕೂಗಾಟ ಹಠಾತ್ತನೆ ನಿಂತುಹೋಯಿತು. ಕುದುರೆಯಿಲ್ಲ, ಆನೆಯಿಲ್ಲ, ವರಾಂಡದಲ್ಲಿ ಅಮ್ಮನ ಕುರ್ಚಿ ಖಾಲಿ. "ಮನಸ್ಸು ಮುರಿದುಕೊಂಡು ಒಳಗೆ ಮಲಗಿರ್ಬೇಕು, ಪಾಪ," ಎಂದು ಮೇಷ್ಟ್ರು ಮರುಗಿದರು. ಆ ಸಂಕಟಕ್ಕೆ ಇನ್ನೂ ಹತ್ತು ಸುತ್ತು ಹೆಚ್ಚಿಗೆ ಹೊಡೆದರು.

ಹದಿನೈದು ದಿನಕ್ಕೆ ನಗರಸಭೆಯ ಲಕೋಟೆ ಬಂತು. ಮೇಷ್ಟ್ರು ಅದನ್ನು ಎಲ್ಲರೆದುರು, ನಿಂತುಕೊಂಡು, ಗಂಟಲು ಸರಿಮಾಡಿಕೊಂಡು ಓದತೊಡಗಿದರು.

"'ಮಾನ್ಯರೇ, ತಮ್ಮ ಬೀದಿಯಲ್ಲಿ ವಾಹನಗಳ ಸರಾಸರಿ ವೇಗ ಗಂಟೆಗೆ ಇಪ್ಪತ್ತಾರು ಕಿಲೋಮೀಟರ್ ಎಂದು ಕಂಡುಬಂದಿದೆ. ಮೂವತ್ತಕ್ಕಿಂತ ಕಡಿಮೆ ಇರುವ ಬೀದಿಗಳಿಗೆ ಹಂಪ್‌ನ ಅಗತ್ಯವಿರುವುದಿಲ್ಲ. ಇಷ್ಟು ಸಂಯಮದ ಸಂಚಾರ ಬೇರಾವ ಬೀದಿಯಲ್ಲೂ ಕಾಣದಿರುವುದರಿಂದ ತಮ್ಮದನ್ನು ಮಾದರಿ ಬೀದಿ ಎಂದು...'"

ಧ್ವನಿ ಅಲ್ಲಿಗೆ ಇಂಗಿತು. ಗೋಡೆಯ ಗಡಿಯಾರ ಮಾತ್ರ ತನ್ನ ವೇಗ ತಗ್ಗಿಸದೆ ಓಡುತ್ತಿತ್ತು.

"ಸ್ಯಾಂಪಲ್‌ಗೆ ನೀರು ಬೆರೆಸಿದ್ರಿ," ಎಂದರು ಹೆಂಡತಿ. "ರೋಗಿಗೆ ರೋಗವೇ ಇಲ್ಲ ಅಂತ ವರದಿ ಬಂತು."

"ಮೂರು ವರ್ಷ ಅಂದ್ರೆ ನಂಗೆ ಎಂಬತ್ತೊಂದು," ಎಂದರು ಅಮ್ಮ, ಮೆಲ್ಲಗೆ, ಯಾರನ್ನೂ ದೂರದೆ. ಚೆಸ್ ಕಾಯಿಗಳನ್ನು ಒಂದೊಂದಾಗಿ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತಿದರು.

ಆ ಮುಚ್ಚಳದ ಸದ್ದು ಮೇಷ್ಟ್ರ ಎದೆಗೇ ನಾಟಿತು. ಮರುದಿನ ಹೆಂಡತಿಯನ್ನು ಮುಂದಿಟ್ಟುಕೊಂಡು ನಗರಸಭೆಗೆ ಹೋಗಿ, ಎಂಜಿನಿಯರಮ್ಮನ ಮೇಜಿನೆದುರು ತಲೆತಗ್ಗಿಸಿ ನಿಂತರು. "ಮೇಡಂ, ಒಂದು ತಪ್ಪೊಪ್ಪಿಗೆ ಇದೆ."

ಎಂಜಿನಿಯರಮ್ಮ ಕಂಪ್ಯೂಟರ್ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. "ಓಹೋ, ನೀವೇನಾ ಅದು! ಕಾಗದ ಕಳಿಸಿದ ಮೇಲೆ ಈ ಪಟ್ಟಿ ನೋಡಿ ತಲೆ ಕೆರಕೊಳ್ತಿದ್ದೆ. ಒಂದೇ ಅಳತೆಯ ಕಾರು, ಒಂದೇ ವೇಗ, ನೂರ ಇಪ್ಪತ್ತೇಳು ಸಲ! ಕೊಳವೆ ಕೆಟ್ಟಿದೆ ಅಂದ್ಕೊಂಡಿದ್ದೆ."

"ಕೊಳವೆ ಸರಿಯಾಗಿದೆ ಮೇಡಂ," ಎಂದರು ಹೆಂಡತಿ. "ಕೆಟ್ಟಿರೋದು ಇವರು."

"ಇವರು ಓಡಾಡಿದ ಹೊತ್ತು ಬಿಟ್ಟು ನೋಡಿದ್ರೆ ಸರಾಸರಿ ನಲವತ್ತಾರು. ಭಯಂಕರ! ಆದ್ರೆ ಇವರಿದ್ದ ಹೊತ್ತಲ್ಲಿ ಬೀದಿಗೆ ಬೀದಿಯೇ ಹದಿನಾಲ್ಕು ಮೀರಿಲ್ಲ. ನಡೀರಿ, ಅದು ಹೇಗೆ ಅಂತ ನಾನೊಮ್ಮೆ ಕಣ್ಣಾರೆ ನೋಡ್ಬೇಕು."

ಎಂಜಿನಿಯರಮ್ಮನನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಮೇಷ್ಟ್ರು ಬೀದಿಗೆ ಬಂದಾಗ ಸಂಜೆ ನಾಲ್ಕೂವರೆ. ಹಿಂದೆ ಏಳೆಂಟು ವಾಹನಗಳ ಮೆರವಣಿಗೆ. ತಮ್ಮ ಮನೆಯ ಹತ್ತಿರದ ತುದಿಗೆ ಬಂದು, ಎಂದಿನಂತೆ ರಸ್ತೆಗೆ ಅಡ್ಡಲಾಗಿ ಕಾರು ತಿರುಗಿಸಲು ಆರಂಭಿಸಿದರು. ಎರಡೂ ಕಡೆಯ ಸಂಚಾರ ಸ್ತಬ್ಧವಾಯಿತು. ಮೇಷ್ಟ್ರ ಕಣ್ಣು ಎಡಗನ್ನಡಿಯಲ್ಲಿ ನೆಟ್ಟಿತ್ತು.

"ಯಾರದು, ಡಬ್ಬಿ ಹಿಡ್ಕೊಂಡು ದಾಟ್ತಿರೋ ಅಜ್ಜಿ?" ಎಂದರು ಎಂಜಿನಿಯರಮ್ಮ.

ಹೆಂಡತಿ ಎರಡನೇ ಬ್ರೇಕ್ ಒತ್ತಿದರು. ಮೇಷ್ಟ್ರು ತಲೆ ಹೊರಹಾಕಿ, "ಅಮ್ಮಾ!" ಎಂದು ಕಿರುಚಿದರು.

ನಡುರಸ್ತೆಯಲ್ಲಿ ಅಮ್ಮ ನಿರಾಳವಾಗಿ ತಿರುಗಿ ನೋಡಿದರು. "ಯಾಕೋ ಹಾಗೆ ಬಡ್ಕೋತೀಯಾ? ಆ ವಾರವೆಲ್ಲ ಹೀಗೇ ದಾಟ್ತಿದ್ನಲ್ಲ. ನೀನು ಕಾರು ಅಡ್ಡ ಇಟ್ಟಾಗ ಹೋಗೋದು, ಆರು ಗಂಟೆಗೆ ಮತ್ತೆ ಅಡ್ಡ ಇಟ್ಟಾಗ ಬರೋದು. ಆಮೇಲೆ ನೀನು ಸುತ್ತೋದು ನಿಲ್ಲಿಸ್ದೆ, ನಾನೂ ದಾಟೋದು ನಿಲ್ಲಿಸ್ದೆ."

"ನೀನು ದುಃಖಪಟ್ಟು ಒಳಗೆ ಮಲಗಿದ್ದೀಯ ಅಂದ್ಕೊಂಡು ನಾನು..."

"ದುಃಖ ಯಾಕೆ? ಏಳು ಆಟದಲ್ಲಿ ಐದು ಗೆದ್ದಿದ್ದೀನಿ!"

"ನಾಲ್ಕು!" ಎದುರು ವರಾಂಡದಿಂದ ಮೇಟ್ರನ್ ಗುಡುಗಿದರು.

ಎಂಜಿನಿಯರಮ್ಮ ನಗುತ್ತಲೇ ಇಳಿದು, ಅಮ್ಮನ ಕೈ ಹಿಡಿದು ರಸ್ತೆಯಂಚಿಗೆ ತಂದು, ಟಿಪ್ಪಣಿ ಪುಸ್ತಕ ತೆರೆದರು. "ಅಜ್ಜಿ, ನಿಮಗೆ ಎಲ್ಲಿ ದಾಟೋದು ಸುಲಭ? ಸರಿಯಾಗಿ ತೋರಿಸಿ."

ಇಷ್ಟು ವರ್ಷದಲ್ಲಿ ನಗರಸಭೆ ಅಮ್ಮನನ್ನು ಕೇಳಿದ ಮೊದಲ ಪ್ರಶ್ನೆ ಅದು. ಅಮ್ಮ ಕ್ಷಣ ಯೋಚಿಸಿ, ತಮ್ಮ ಗೇಟಿಗೂ ಮೇಟ್ರನ್ ಗೇಟಿಗೂ ನಡುವೆ ಊರುಗೋಲಿನಿಂದ ನೇರ ಗೆರೆ ಎಳೆದರು. ನಗರ ಯೋಜನೆಯ ಇತಿಹಾಸದಲ್ಲಿ ಅಷ್ಟು ಸ್ಪಷ್ಟವಾದ ನಕ್ಷೆ ಮತ್ತೊಂದಿರಲಾರದು.

ತಿದ್ದಿದ ವರದಿ ಮಂಜೂರಾಯಿತು. ಅದರಲ್ಲಿ 'ಈಗಾಗಲೇ ಪ್ರಯೋಗಿಸಿ ಯಶಸ್ವಿಯಾದ ತಾತ್ಕಾಲಿಕ ಕ್ರಮ' ಎಂಬ ಅಂಕಣದೆದುರು 'ಡ್ರೈವಿಂಗ್ ಸ್ಕೂಲ್ ಕಾರು, ಒಂದು' ಎಂದು ನಮೂದಾಗಿತ್ತು. ಕೆಲಸ ಮುಗಿಯುವವರೆಗೆ ಆರು ವಾರ ಮೇಷ್ಟ್ರು ಆ ತಾತ್ಕಾಲಿಕ ಹುದ್ದೆಯನ್ನು ದಿನಕ್ಕೆರಡು ಬಾರಿ, ನಾಲ್ಕೂವರೆಗೆ ಮತ್ತು ಆರಕ್ಕೆ, ನಿಷ್ಠೆಯಿಂದ ನಿಭಾಯಿಸಿದರು. ಬಳಿಕ ಅಮ್ಮ ಎಳೆದ ಗೆರೆಯ ಮೇಲೆಯೇ ರಸ್ತೆ ಕಿರಿದಾಗಿ, ಅಗಲವಾದ ಹಂಪ್ ಎದ್ದು, ಅದರ ಮೈಮೇಲೆ ಬಿಳಿ ಪಟ್ಟೆಗಳು ಮೂಡಿದವು. ಹಾರಿ ಬರುತ್ತಿದ್ದ ಸ್ಕೂಟರುಗಳು ಅಲ್ಲಿಗೆ ಬಂದೊಡನೆ ಸಭ್ಯವಾಗತೊಡಗಿದವು. ಮಕ್ಕಳು ಚೆಂಡು ಹಿಡಿದು ಹೊರಬಂದರು. ಮಂತ್ರಿಯ ಸಾವಿನ ವ್ಯಾಜ್ಯವೂ ಒಂದೇ ಹಲಗೆಯ ಮೇಲೆ ಇತ್ಯರ್ಥವಾಯಿತು.

ಅದಾದ ನಾಲ್ಕನೆಯ ದಿನ. ಬೇಕರಿಯವನಿಗೆ ಐದು ಗಂಟೆಗೆ ಲೈಸೆನ್ಸ್ ಪರೀಕ್ಷೆ. ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೇಷ್ಟ್ರು ತುಸು ಅವಸರದಲ್ಲೇ ಹೊರಟರು. ಬಿಳಿ ಪಟ್ಟೆಗಳ ನಟ್ಟನಡುವೆ ಅಮ್ಮ ನಿಂತಿದ್ದರು, ಹೆಜ್ಜೆಯಿಲ್ಲ, ಅಲುಗಾಟವಿಲ್ಲ. ಗಲ್ಲಕ್ಕೆ ಬೆರಳಿಟ್ಟು ಆಕಾಶ ನೋಡುತ್ತ, ನಿನ್ನೆ ಅರ್ಧಕ್ಕೆ ನಿಂತ ಆಟದ ಮುಂದಿನ ನಡೆಯನ್ನು ಚಿಂತಿಸುತ್ತಿದ್ದರು. ಕಳೆದುಹೋದ ಧೈರ್ಯ ಬಡ್ಡಿಸಮೇತ ಹಿಂತಿರುಗಿತ್ತು!

ಒಂದು ನಿಮಿಷ ಕಳೆಯಿತು. ಎರಡಾಯಿತು.

"ಸರ್, ಪರೀಕ್ಷೆ..." ಎಂದ ಬೇಕರಿಯವನು.

ಮೂರನೆಯ ನಿಮಿಷಕ್ಕೆ, ಇಪ್ಪತ್ತೆರಡು ವರ್ಷಗಳ ಮೌನವ್ರತ ಮುರಿದು, ಮೇಷ್ಟ್ರ ಅಂಗೈ ಸ್ಟಿಯರಿಂಗಿನ ನಡುವೆ ಬಿತ್ತು. ಬಳಕೆಯೇ ಇಲ್ಲದ ಆ ಹಾರ್ನು ಶೀತವಾದ ಕತ್ತೆಯಂತೆ ಅರಚಿತು. ಬೀದಿಯ ಅಷ್ಟೂ ಕಿಟಕಿಗಳು ತೆರೆದುಕೊಂಡವು. ಆಗಷ್ಟೇ ಆಸ್ಪತ್ರೆಯಿಂದ ಬಂದು ಗೇಟು ತೆಗೆಯುತ್ತಿದ್ದ ಹೆಂಡತಿ, ಕೈಯಲ್ಲಿ ಚಿಲಕ ಹಿಡಿದಂತೆಯೇ ಗಂಡನನ್ನು ಎವೆಯಿಕ್ಕದೆ ನೋಡಿದರು.

ಅಮ್ಮ ಕಾರಿನತ್ತ ತಿರುಗದೆ ಊರುಗೋಲನ್ನು ಮಾತ್ರ ಎತ್ತಿ ತಡೆದು, ಎದುರು ವರಾಂಡಕ್ಕೆ ಕೂಗಿ ಹೇಳಿದರು: "ನೋಡ್ದೇನೇ? ಎಷ್ಟು ಹಂಪ್ ಹಾಕ್ಸಿದ್ರೂ ಇಂಥೋರು ಬುದ್ಧಿ ಕಲಿಯಲ್ಲ. ಈ ಊರಲ್ಲಿ ಇವರಿಗೆಲ್ಲ ಡ್ರೈವಿಂಗ್ ಕಲಿಸೋರಾದ್ರೂ ಯಾರೇ?"