ಮಡಿಯುಟ್ಟ ಪೆನ್‌ಡ್ರೈವ್

ನಾಚಿಕೆಯಲ್ಲೂ ಬಗೆಬಗೆಯಿದೆ. ಮದುವೆ ಮನೆಯಲ್ಲಿ ಸೀರೆಗೆ ಸಾರು ಚೆಲ್ಲಿಕೊಂಡಾಗ ಆಗುವ ನಾಚಿಕೆ ಸೀರೆ ಒಗೆದರೆ ಹೋಗುತ್ತದೆ. ಆದರೆ ಊರಿಗೆಲ್ಲ ಬುದ್ಧಿ ಹೇಳಿದ ವಿಷಯದಲ್ಲಿ ನಾವೇ ಮುಗ್ಗರಿಸಿದಾಗ ಆಗುವ ನಾಚಿಕೆ ಯಾವ ಸೋಪಿಗೂ ಬಗ್ಗುವುದಿಲ್ಲ. ಇದನ್ನು ಬರೆಯುವಾಗಲೂ ನನ್ನ ಕಿವಿ ಬಿಸಿಯಾಗುತ್ತಿದೆ.

ಪೆನ್‌ಡ್ರೈವ್ ಹೊಸದಾಗಿ ಬಂದಿದ್ದ ಕಾಲ. ಜಯನಗರದ ನಮ್ಮ ಆಫೀಸಿನಲ್ಲಿ ವೈರಸ್ ಎಂದರೆ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ನಾನು ಮಾಡಿದ್ದು ಒಂದು ದಿನದ ತರಬೇತಿಗೆ ಹೋಗಿ ಊಟ ಮಾಡಿ ಬಂದಿದ್ದು, ಅಷ್ಟೇ. ನಮ್ಮಜ್ಜಿ ಮಡಿಯಲ್ಲಿದ್ದಾಗ ನಮ್ಮ ನೆರಳೂ ಅವರಿಗೆ ತಾಗುವಂತಿರಲಿಲ್ಲ. ನಾನು ಪೆನ್‌ಡ್ರೈವಿಗೆ ಅದೇ ಮಡಿ ಉಡಿಸಿದೆ. ಹಳೆಯ ಕುಂಕುಮದ ಭರಣಿ ತೊಳೆದು ಅದರಲ್ಲಿಟ್ಟೆ. "ಸ್ಕ್ಯಾನ್ ಮಾಡ್ದೆ ನನ್ನ ಕಂಪ್ಯೂಟರ್ ಮುಟ್ಟಿದ್ರೆ ನೋಡಿ!" ಎಂದು ಮ್ಯಾನೇಜರನ್ನೂ ಬಿಡದೆ ಗದರಿದ್ದೆ. ಪಾಪ, ಅವರು ತಮ್ಮ ಪೆನ್‌ಡ್ರೈವನ್ನು ಜೇಬಿಗಿಳಿಸಿ ಹಿಂದಿರುಗಿದ್ದರು.

ನನ್ನ ಮಾತನ್ನು ಅಕ್ಷರಶಃ ನಂಬಿದವಳು ಶಿವಲೀಲಾ ಒಬ್ಬಳೇ. ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂನಲ್ಲಿ ಬಾಡಿಗೆ ರೂಮು, ನಮ್ಮಲ್ಲಿ ಟೆಂಪರರಿ ಕೆಲಸ. ನನ್ನದರ ಹಾಗೆ ಪಕ್ಕದಲ್ಲಿ ಪುಟ್ಟ ಚಿಲಕವಿರುವ ಪೆನ್‌ಡ್ರೈವನ್ನೇ ಅವಳಿಂದಲೂ ಕೊಳ್ಳಿಸಿದ್ದೆ. ಚಿಲಕ ಹಾಕಿಬಿಟ್ಟರೆ ಒಳಗಿರುವುದನ್ನು ಓದಬಹುದು, ಹೊರಗಿನದು ಒಳಗೆ ಬರುವಂತಿಲ್ಲ. ವೈರಸ್ಸೂ ಬಾಗಿಲಾಚೆಯೇ.

ಅವಳ ಕೆಲಸ ಪರ್ಮನೆಂಟ್ ಆಗಬೇಕಾದರೆ ದೊಡ್ಡ ಸಾಹೇಬರ ಮುಂದೆ ಸ್ಲೈಡುಗಳನ್ನು ತೋರಿಸಿ, ತಾನು ಮಾಡಿದ ಕೆಲಸವನ್ನು ವಿವರಿಸಬೇಕಿತ್ತು. ಅವತ್ತು ಬೆಳಿಗ್ಗೆ, "ನಿನ್ನೆ ಸೈಬರ್ ಸೆಂಟರ್‌ನ್ಯಾಗ ಕುಂತು ಇನ್ನೊಮ್ಮೆ ಎಲ್ಲಾ ನೋಡ್ಕೊಂಡೆ ರೀ ಮೇಡಂ" ಎಂದಳು.

"ಅಯ್ಯೋ ರಾಮ! ಸೈಬರ್ ಸೆಂಟರ್‌ಗೆ ಹೋಗಿಬಂದಿರೋದನ್ನ ಸಾಹೇಬ್ರ ಲ್ಯಾಪ್‌ಟಾಪಿಗೆ ಚುಚ್ತೀಯಾ? ಕೊಡಿಲ್ಲಿ, ನನ್ನದಕ್ಕೆ ಹಾಕ್ಕೊಡ್ತೀನಿ" ಎಂದು ಭರಣಿ ತೆರೆದೆ. ಅವಳದನ್ನು ಸ್ಕ್ಯಾನ್ ಮಾಡಿ, ಸ್ಲೈಡುಗಳನ್ನು ನನ್ನದಕ್ಕೆ ಇಳಿಸಿಕೊಂಡೆ.

ಸಭೆಯಲ್ಲಿ ಸಾಹೇಬರ ಲ್ಯಾಪ್‌ಟಾಪಿಗೆ ಅದನ್ನು ನನ್ನ ಕೈಯಾರೆ ಚುಚ್ಚಿದೆ. ಲ್ಯಾಪ್‌ಟಾಪು ಕುಯ್ಯೋ ಎಂದು ಅರಚಿಕೊಂಡಿತು. ಗೋಡೆಯ ಪರದೆಯಲ್ಲಿ ಶಿವಲೀಲಾಳ ಸ್ಲೈಡುಗಳ ಸುಳಿವೇ ಇಲ್ಲ. ನನ್ನ ಅಡುಗೆ ವಿಧಾನಗಳನ್ನಿಟ್ಟಿದ್ದ 'ಸರೋಜ ಪರ್ಸನಲ್' ಎಂಬ ಫೋಲ್ಡರು ವೈರಸ್ಸಿನ ದಯದಿಂದ ಮರಿಹಾಕಿ, ಮೇಲಿಂದ ಕೆಳಗಿನವರೆಗೆ ಸಾಲುಗಟ್ಟಿ ನಿಂತಿತ್ತು.

"ಏನ್ ಸರೋಜಾ ಅವರೇ, ಇಷ್ಟೊಂದು ಪರ್ಸನಲ್ಲಾ?" ಎಂದರು ಸಾಹೇಬರು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮ್ಯಾನೇಜರೇ ಇರಬೇಕು. ಶಿವಲೀಲಾಳ ಮುಖ ಮಾತ್ರ ಬಿಳಿಚಿಕೊಂಡಿತ್ತು. ಆ ಹುಡುಗಿಯ ಅನ್ನಕ್ಕೆ ಕಲ್ಲು ಹಾಕಿಬಿಟ್ಟೆನಲ್ಲ ಎಂದು ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ತ್ಯಾಗರಾಜನಗರದ ನಮ್ಮ ಮನೆಯ ಕಂಪ್ಯೂಟರು ಆಗ ಕಣ್ಣಮುಂದೆ ಬಂತು. ಪಾರ್ಕಿನ ವಾಕಿಂಗ್ ಗೆಳೆಯರು ಕೊಟ್ಟ ಹಾಡುಗಳನ್ನೆಲ್ಲ ನಮ್ಮ ಯಜಮಾನರು ಅದಕ್ಕೆ ತುಂಬುತ್ತಿದ್ದರು. ಅಲ್ಲಿ ನಾನು ಚಿಲಕ ಹಾಕುತ್ತಲೇ ಇರಲಿಲ್ಲ, ಸ್ಕ್ಯಾನೂ ಇಲ್ಲ. ನಮ್ಮ ಮನೆಯದಕ್ಕೆ ಎಂಥ ಮೈಲಿಗೆ?

"ಸರ್, ನಂದೂ ಒಂದು ಐತ್ರಿ" ಎಂದು ಶಿವಲೀಲಾ ಮುಂದೆ ಬಂದಳು. ಅವಳದು ತಕರಾರಿಲ್ಲದೆ ತೆರೆದುಕೊಂಡಿತು. "ಇದು ಹೇಗೆ ಇಷ್ಟು ಕ್ಲೀನಾಗಿದೆ?" ಎಂದು ಸಾಹೇಬರು ಕೇಳಿದರು.

"ಸರೋಜಾ ಮೇಡಂ ಕಲಿಸ್ಯಾರ್ರೀ ಸರ್. ಎಲ್ಲಿ ಹಚ್ಚಿದ್ರೂ ಮೊದಲ ಚಿಲಕ ಹಾಕು ಅಂದಿದ್ರು."

ಅವಳ ದನಿಯಲ್ಲಿ ವ್ಯಂಗ್ಯ ಒಂದಿಷ್ಟೂ ಇರಲಿಲ್ಲ. ಇದ್ದಿದ್ದರೆ ಸಿಟ್ಟು ಮಾಡಿಕೊಂಡಾದರೂ ಬದುಕಿಕೊಳ್ಳುತ್ತಿದ್ದೆ.

ಅವಳ ಕೆಲಸ ಪರ್ಮನೆಂಟಾಯಿತು. ಕರದಂಟು ತಂದು, ಎಲ್ಲರಿಗಿಂತ ಮೊದಲು ನನಗೇ ಕೊಟ್ಟಳು. ಬಾಯಿಗೆ ಹಾಕಿಕೊಳ್ಳುತ್ತಿದ್ದಂತೆ, "ಒಂದು ಪ್ರಿಂಟ್ ತಗೊಳ್ಲೇನ್ರೀ ಮೇಡಂ?" ಎಂದು ನನ್ನ ಕಂಪ್ಯೂಟರಿನ ಮುಂದೆ ಬಗ್ಗಿದಳು. ಪೆನ್‌ಡ್ರೈವ್ ಹಿಡಿದ ಕೈ ಒಂದು ಗಳಿಗೆ ತಡೆಯಿತು. ನನ್ನ ಮುಖ ನೋಡದೆ, ಉಗುರಿನಿಂದ ಮೆಲ್ಲಗೆ ಚಿಲಕ ಹಾಕಿಕೊಂಡು, ಆಮೇಲೆ ಚುಚ್ಚಿದಳು. ನಾನು ಕರದಂಟು ಅಗಿಯುತ್ತ ಕಿಟಕಿಯ ಕಡೆ ತಿರುಗಿದೆ.